ದ್ವೆನ್‌ಜಾಂಗ್ ಬದಲಿಗೆ ಏನು ಹಾಕಬಹುದು? ಬೂಸ್ಟು ಹಿಡಿದ ಆ ಡಬ್ಬಿಯನ್ನಂತೂ ಅಲ್ಲ

ಪ್ರಶ್ನೆ: ಮೇಡಂ, ನಮ್ಮದು ಶಿವಮೊಗ್ಗ. ಪಿಯುಸಿ ಓದುವ ಮಗಳಿಗೆ ಕೊರಿಯನ್ ಧಾರಾವಾಹಿಗಳ ಹುಚ್ಚು. ಅದರಲ್ಲಿ ಮಣ್ಣಿನ ಪಾತ್ರೆಯಲ್ಲಿ ಕುದಿಯುತ್ತಲೇ ಬರುತ್ತದಲ್ಲ, ದ್ವೆನ್‌ಜಾಂಗ್ ಜಿಗೆ ಅಂತ, ಆ ಸಾರನ್ನು ಮನೆಯಲ್ಲಿ ಮಾಡಿಕೊಡು ಎಂದು ಒಂದೇ ಹಟ. ಅದಕ್ಕೆ ಹಾಕುವ ದ್ವೆನ್‌ಜಾಂಗ್ ಎಂಬ ಹುದುಗಿದ ಸೋಯಾ ಪೇಸ್ಟ್ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಆನ್‌ಲೈನಿನಲ್ಲಿ ನೋಡಿದರೆ ಅರ್ಧ ಕೆ.ಜಿ.ಗಿಂತ ಚಿಕ್ಕ ಡಬ್ಬಿ ಕಾಣಲಿಲ್ಲ. ಒಂದು ದಿನದ ಆಸೆಗೆ ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ. ಒಬ್ಬರು ಜಪಾನಿನ ಸೋಯಾ ಪೇಸ್ಟ್ ಮಿಸೊ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಸೋಯಾ ಸಾಸ್ ಸಾಕು ಎನ್ನುತ್ತಾರೆ, ಮತ್ತೊಬ್ಬರು ಪೀನಟ್ ಬಟರಿಗೆ ಹುಣಸೆಹಣ್ಣು ಕಲಸಿ ಎನ್ನುತ್ತಾರೆ. ಈ ಮಧ್ಯೆ ನನ್ನ ನಾದಿನಿ ಸೋಯಾ ಅವರೆ ಬೇಯಿಸಿ ರುಬ್ಬಿ, ಇಡ್ಲಿ ಹಿಟ್ಟಿನ ಹಾಗೆ ಹುದುಗು ಬರಲಿ ಎಂದು ಚಿಟಿಕೆ ಉಪ್ಪು ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾಳೆ. ಆರು ದಿನ ಆಯಿತು, ಮೇಲೆ ಹಸಿರು ಹಳದಿ ಬೂಸ್ಟು ಬಂದಿದೆ. "ಅದೇ ಬೇಕಾಗಿರೋದು ಅತ್ತಿಗೆ, ಕೊರಿಯಾದವರೂ ಬೂಸ್ಟೇ ಹಿಡಿಸೋದು" ಅಂತಾಳೆ. ನಾವು ಸಸ್ಯಾಹಾರಿಗಳು, ಅಂಗಡಿ ಪೇಸ್ಟಿನಲ್ಲಿ ಮೀನು ಇರುತ್ತದೆಯೇ? ಯಜಮಾನರಿಗೆ ಬಿಪಿ ಮಾತ್ರೆ ನಡೆಯುತ್ತಿದೆ, ನನಗೆ ಥೈರಾಯ್ಡ್. ಏನು ಮಾಡಲಿ?

ಉತ್ತರ: ಮೊದಲು ಆ ಡಬ್ಬಿಯ ವಿಷಯ. ಅದನ್ನು ಎಸೆಯಿರಿ. ರುಚಿ ನೋಡಬೇಡಿ, ಮೂಗಿನ ಹತ್ತಿರ ಹಿಡಿದು ವಾಸನೆಯನ್ನೂ ನೋಡಬೇಡಿ. ಮೇಲಿನ ಬೂಸ್ಟನ್ನು ಮಾತ್ರ ತೆಗೆದು ಕೆಳಗಿನದನ್ನು ಉಳಿಸಿಕೊಳ್ಳುವ ಯೋಚನೆಯೂ ಬೇಡ. ಹಾಗೇ ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಡಬ್ಬಿಯನ್ನು ಸೋಪಿನಲ್ಲಿ ತೊಳೆದು ಕುದಿಯುವ ನೀರು ಹುಯ್ಯಿರಿ. ಮನೆಯಲ್ಲೋ ಪಕ್ಕದಲ್ಲೋ ಹಸು ಇದ್ದರೆ ಅದರ ಕಲಗಚ್ಚಿಗೆ ಖಂಡಿತ ಸುರಿಯಬೇಡಿ. ಕಾರಣ ಹೇಳುತ್ತೇನೆ.

ನಿಮ್ಮ ನಾದಿನಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕೊರಿಯಾ, ಜಪಾನ್, ಚೀನಾದಲ್ಲಿ ಸೋಯಾ ಹುದುಗಿಸಲು ಬೂಸ್ಟಿನ ನೆರವು ಪಡೆಯುವುದು ಹೌದು. ಆಸ್ಪರ್ಜಿಲಸ್ ಒರೈಜೆ ಎಂಬ ಆ ಬೂಸ್ಟು ಬಲಿತಾಗ ಹಸಿರು ಮಿಶ್ರಿತ ಹಳದಿ ಬಣ್ಣಕ್ಕೆ ತಿರುಗುತ್ತದೆ. ತೊಂದರೆ ಏನೆಂದರೆ ಅದಕ್ಕೊಬ್ಬ ದಾಯಾದಿ ಇದ್ದಾನೆ, ಆಸ್ಪರ್ಜಿಲಸ್ ಫ್ಲೇವಸ್ ಅಂತ. ಬಣ್ಣವೂ ಹೆಚ್ಚುಕಡಿಮೆ ಅದೇ, ಬೆಳೆಯುವ ರೀತಿಯೂ ಅದೇ. ಇದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಶೇಂಗಾ, ಮೆಕ್ಕೆಜೋಳಕ್ಕೆ ತೇವ ತಗುಲಿದಾಗ ಕಾಡುವುದೂ ಇದೇ. ಲಿವರಿಗೆ ಕೆಟ್ಟದ್ದು, ಕ್ಯಾನ್ಸರ್‌ಕಾರಕ. ಕುದಿಸಿದರೂ ಹುರಿದರೂ ಪೂರ್ತಿ ನಾಶವಾಗುವುದಿಲ್ಲ. ಹಸು ತಿಂದರೆ ಹಾಲಿನಲ್ಲಿ ಇಳಿಯುತ್ತದೆ, ಅದಕ್ಕೇ ಕಲಗಚ್ಚಿನ ಮಾತು ಹೇಳಿದ್ದು. ಈ ಎರಡು ಬೂಸ್ಟುಗಳನ್ನು ಬರಿಗಣ್ಣಿನಲ್ಲಿ ಬೇರೆ ಮಾಡಿ ಹೇಳಲು ನನ್ನಿಂದಲೂ ಆಗದು, ಪ್ರಯೋಗಾಲಯವೇ ಬೇಕು. ಜಪಾನಿನ ಮಿಸೊ ತಯಾರಕರು ಗಾಳಿಯಲ್ಲಿ ಬಂದದ್ದು ಬರಲಿ ಎಂದು ಕೂರುವುದಿಲ್ಲ. ಶುದ್ಧವಾಗಿ ಬೆಳೆಸಿದ ಒರೈಜೆ ಬೀಜವನ್ನು ಕೊಂಡು ತಂದು ಹಾಕುತ್ತಾರೆ.

ಇನ್ನು ಇಡ್ಲಿ ಹಿಟ್ಟಿನ ಹೋಲಿಕೆ. ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ, ಏಕೆಂದರೆ ನಮ್ಮ ಅಡುಗೆಮನೆಯಲ್ಲಿ ಹುದುಗು ಎಂದರೆ ಇಡ್ಲಿ, ದೋಸೆ, ಮೊಸರು. ಇವೆಲ್ಲ ಹುಳಿಯ ಕಡೆ ಹೋಗುವ ಹುದುಗು. ಉದ್ದು ಅಕ್ಕಿಯ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆದು ರಾತ್ರಿ ಕಳೆಯುವುದರೊಳಗೆ ಹಿಟ್ಟನ್ನು ಹುಳಿ ಮಾಡಿಬಿಡುತ್ತವೆ, ಆ ಹುಳಿಯಲ್ಲಿ ಕೆಟ್ಟ ಕ್ರಿಮಿಗಳಿಗೆ ಬಾಳಲಾಗದು. ಬೇಯಿಸಿದ ಸೋಯಾ ಅವರೆಯದು ತಿರುವು ಮುರುವು. ಅದರಲ್ಲಿ ಪಿಷ್ಟ ತೀರಾ ಕಡಿಮೆ, ಪ್ರೋಟೀನ್ ರಾಶಿ. ಬೇಯುವ ಶಾಖಕ್ಕೂ ಸಾಯದೆ ಉಳಿದ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಎದ್ದು ಪ್ರೋಟೀನನ್ನು ಒಡೆಯುತ್ತವೆ, ಅಮೋನಿಯಾ ಹೊರಬರುತ್ತದೆ, ಕಾಳು ಕ್ಷಾರದ ಕಡೆ ತಿರುಗುತ್ತದೆ. ಹುಳಿ ಇಲ್ಲ, ಉಪ್ಪು ಚಿಟಿಕೆ, ಮುಚ್ಚಳ ಬಿಗಿ, ಶಿವಮೊಗ್ಗದ ಸೆಕೆ. ಬೊಟುಲಿಸಂ ತರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಮನೆ ಬೇಕಿಲ್ಲ. ಬೊಟುಲಿಸಂ ಅಪರೂಪ, ಆದರೆ ಬಂದರೆ ನರಗಳು ಸೋತು ಉಸಿರಾಟವೇ ನಿಲ್ಲಬಹುದು. ಚೀನಾದಲ್ಲಿ ವರದಿಯಾದ ಬೊಟುಲಿಸಂ ಪ್ರಕರಣಗಳಲ್ಲಿ ಮನೆಯಲ್ಲಿ ಹುದುಗಿಸಿದ ಕಾಳಿನ ಪದಾರ್ಥಗಳದೇ ದೊಡ್ಡ ಪಾಲು. ಸಾವಿರಾರು ವರ್ಷಗಳಿಂದ ಇದನ್ನು ಮಾಡುತ್ತಾ ಬಂದ ನಾಡಿನಲ್ಲೇ ಹೀಗೆ.

ಹಾಗಾದರೆ ಕೊರಿಯಾದ ಅಜ್ಜಿಯರು ಹೇಗೆ ಮಾಡುತ್ತಾರೆ? ಬೇಯಿಸಿದ ಸೋಯಾ ಅವರೆಯನ್ನು ಕುಟ್ಟಿ ಇಟ್ಟಿಗೆಯಂತೆ ತಟ್ಟುತ್ತಾರೆ, ಅದಕ್ಕೆ ಮೆಜು ಎಂದು ಹೆಸರು. ಚಳಿಗಾಲದಲ್ಲಿ ಅದನ್ನು ಭತ್ತದ ಹುಲ್ಲಿನ ಹಗ್ಗದಲ್ಲಿ ಕಟ್ಟಿ ಸೂರಿಗೆ ನೇತುಹಾಕಿ ವಾರಗಟ್ಟಲೆ ಒಣಗಿಸುತ್ತಾರೆ. ಹುಲ್ಲಿನಿಂದ ಬ್ಯಾಸಿಲಸ್, ಗಾಳಿಯಿಂದ ಬೂಸ್ಟು ಬಂದು ಸೇರುತ್ತವೆ. ಆಮೇಲೆ ಮೆಜುವನ್ನು ತೊಳೆದು ಮಣ್ಣಿನ ದೊಡ್ಡ ಹಂಡೆಯಲ್ಲಿ ಉಪ್ಪುನೀರಿಗೆ ಹಾಕುತ್ತಾರೆ. ಉಪ್ಪುನೀರು ಎಷ್ಟು ಗಾಢ ಎಂದರೆ ಹಸಿ ಮೊಟ್ಟೆ ಅದರಲ್ಲಿ ತೇಲಬೇಕು, ತೇಲಿದಾಗ ನೆತ್ತಿ ನಾಣ್ಯದಗಲ ಕಾಣಬೇಕು. ಮೇಲೆ ಕೆಂಡದ ಇದ್ದಿಲು, ಒಣಮೆಣಸಿನಕಾಯಿ, ಬೋರೆಹಣ್ಣಿನ ಜಾತಿಯ ಒಣಹಣ್ಣು ತೇಲಿಬಿಡುತ್ತಾರೆ. ಸುಮಾರು 40ರಿಂದ 60 ದಿನ ಕಳೆದ ಮೇಲೆ ನೀರು ಬೇರೆ, ಗಟ್ಟಿ ಬೇರೆ. ನೀರು ಕಾಯಿಸಿದರೆ ಸೋಯಾ ಸಾಸ್, ಅವರ ಮಾತಿನಲ್ಲಿ ಗಾಂಜಾಂಗ್. ಗಟ್ಟಿಯನ್ನು ಹಿಸುಕಿ ಮತ್ತೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇಟ್ಟರೆ ದ್ವೆನ್‌ಜಾಂಗ್. ಈ ವಿದ್ಯೆಯನ್ನು 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇಲ್ಲಿ ಕಾವಲು ಕಾಯುವುದು ಉಪ್ಪು, ಒಣಹವೆ ಮತ್ತು ಕಾಲ. ನಿಮ್ಮ ನಾದಿನಿಯ ಡಬ್ಬಿಯಲ್ಲಿ ಈ ಮೂರೂ ಇರಲಿಲ್ಲ. ಅವರನ್ನು ಬೈಯಬೇಡಿ, ಅವರ ಕುತೂಹಲ ನನಗೆ ಇಷ್ಟವಾಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆ: ಬದಲಿಗೆ ಏನು? ಹೀಗೆ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು, ಆ ಅಡುಗೆಯಲ್ಲಿ ಪೇಸ್ಟ್ ಯಾವ ಕೆಲಸ ಮಾಡುತ್ತಿದೆ ಅಂತ. ದ್ವೆನ್‌ಜಾಂಗ್ ನಾಲ್ಕು ಕೆಲಸ ಮಾಡುತ್ತದೆ. ಉಪ್ಪು ಕೊಡುತ್ತದೆ. ಪ್ರೋಟೀನ್ ಒಡೆದು ಬಂದ ಗ್ಲುಟಮೇಟ್‌ನಿಂದ ನಾಲಿಗೆ ತುಂಬುವ ಆ ಸವಿ ಕೊಡುತ್ತದೆ, ಟೋಕಿಯೊದ ಕಿಕುನಾಯೆ ಇಕೆಡ 1908ರಲ್ಲಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿ ಉಮಾಮಿ ಎಂದು ಕರೆದದ್ದು ಇದನ್ನೇ. ಸಾರಿಗೆ ಮಂದ ಕೊಡುತ್ತದೆ. ಕೊನೆಯದಾಗಿ, ಹಳೆಯ ಹುದುಗಿನ ಒಂದು ಘಾಟು ವಾಸನೆ ಕೊಡುತ್ತದೆ. ಮೊದಲ ಮೂರನ್ನು ಮನೆಯಲ್ಲೇ ಹೊಂದಿಸಬಹುದು. ನಾಲ್ಕನೆಯದನ್ನು ಹುದುಗಿದ ಪದಾರ್ಥವಲ್ಲದೆ ಬೇರಾವುದೂ ಕೊಡದು. ನೂಡಲ್ಸಿಗೆ, ಹುರಿದ ತರಕಾರಿಗೆ, ತೋಫು ನೆನೆಸುವುದಕ್ಕೆ ಒಂದು ಚಮಚ ಬೇಕು ಎಂದಿದ್ದರೆ ಧಾರಾಳವಾಗಿ ಬದಲಿ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಜಿಗೆ ಎಂದರೆ ದ್ವೆನ್‌ಜಾಂಗೇ ಜೀವ. ಬದಲಿ ಹಾಕಿದರೆ ಒಳ್ಳೆಯ ಸಾರು ಆಗುತ್ತದೆ, ಮಗಳು ಪರದೆಯ ಮೇಲೆ ಕಂಡದ್ದು ಆಗುವುದಿಲ್ಲ. ಇಷ್ಟು ಒಪ್ಪಿಕೊಂಡು ಮುಂದೆ ಹೋಗೋಣ.

ಮಿಸೊ ಎಂದವರು ಸರಿಯಾಗೇ ಹೇಳಿದ್ದಾರೆ, ಇರುವುದರಲ್ಲಿ ಅದೇ ಹತ್ತಿರದ ನೆಂಟ. ಆದರೆ ಎಲ್ಲ ಮಿಸೊ ಒಂದೇ ಅಲ್ಲ. ಸಾಮಾನ್ಯ ಮಿಸೊಗೆ ಅಕ್ಕಿಯ ಮೇಲೆ ಒರೈಜೆ ಬೆಳೆಸಿ ಸೋಯಾ ಜೊತೆ ಸೇರಿಸುತ್ತಾರೆ, ಹಾಗಾಗಿ ಅಕ್ಕಿಯ ಸಿಹಿ ಇರುತ್ತದೆ. ಬಿಳಿ ಮಿಸೊ ಎಳೆಯದು, ಸಿಹಿ ಜಾಸ್ತಿ, ಉಪ್ಪು ಕಡಿಮೆ. ಜಿಗೆಗೆ ಅದು ಸಪ್ಪೆ. ಕೆಂಪು ಅಥವಾ ಕಂದು ಮಿಸೊ ತನ್ನಿ, ಅದರಲ್ಲಿ ಉಪ್ಪು ಸುಮಾರು ಶೇ 11ರಿಂದ 13, ದ್ವೆನ್‌ಜಾಂಗ್‌ಗೆ ಹೆಚ್ಚುಕಡಿಮೆ ಸಮ. ಐಚಿ ಪ್ರಾಂತ್ಯದ ಒಕಜಾಕಿಯ ಹಾಚೊ ಮಿಸೊ ಸಿಕ್ಕರೆ ಇನ್ನೂ ಚೆನ್ನ, ಅದಕ್ಕೆ ಅಕ್ಕಿಯಿಲ್ಲ, ಬರೀ ಸೋಯಾ, ಎರಡು ವರ್ಷಕ್ಕೂ ಮೀರಿ ಹಳತು ಮಾಡಿದ್ದು. ಒಂದು ಚಮಚಕ್ಕೆ ಒಂದು ಚಮಚ ಎಂದೇ ಹಾಕಬಹುದು. ವ್ಯತ್ಯಾಸ ಇರುವುದು ಒಲೆಯ ಮೇಲೆ. ದ್ವೆನ್‌ಜಾಂಗ್ ಕುದಿದಷ್ಟೂ ಹದವಾಗುತ್ತದೆ, ಮೊದಲೇ ಹಾಕಿ ತರಕಾರಿ ಜೊತೆ ಕುದಿಸುತ್ತಾರೆ. ಮಿಸೊ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಅರ್ಧವನ್ನು ಮೊದಲು ಹಾಕಿ, ಉಳಿದರ್ಧವನ್ನು ಒಲೆ ಆರಿಸಿದ ಮೇಲೆ ಸೌಟಿನಲ್ಲಿ ಸ್ವಲ್ಪ ಸಾರು ತೆಗೆದು ಕದಡಿ ಬೆರೆಸಿ. ಸಿಹಿ ಎನಿಸಿದರೆ ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಂದಿಷ್ಟು ಜಾಸ್ತಿ.

ಸೋಯಾ ಸಾಸ್ ದ್ವೆನ್‌ಜಾಂಗ್‌ನ ಒಡಹುಟ್ಟೇ ಸರಿ, ಒಂದೇ ಹಂಡೆಯಲ್ಲಿ ಹುಟ್ಟಿದ್ದು. ಉಪ್ಪು, ಉಮಾಮಿ ಎರಡೂ ಉಂಟು, ಮಂದ ಇಲ್ಲ. ಆದರೆ ನಮ್ಮಲ್ಲಿ ಗೋಬಿ ಮಂಚೂರಿಗೆ ಬಳಸುವ ಅಗ್ಗದ ಡಾರ್ಕ್ ಸೋಯಾ ಸಾಸ್ ಬಾಟಲಿಯ ಹಿಂಬದಿ ಒಮ್ಮೆ ಓದಿ ನೋಡಿ. ಎಷ್ಟೋ ಬಾಟಲಿಗಳಲ್ಲಿ ಕ್ಯಾರಮೆಲ್ ಬಣ್ಣ, ಸಕ್ಕರೆ, ಅಸಿಟಿಕ್ ಆಮ್ಲ ಇರುತ್ತವೆ. ಅದನ್ನು ಹಾಕಿದರೆ ಜಿಗೆ ಕಪ್ಪಗಾಗಿ ಹುಳಿ ಹುಳಿ ಆಗುತ್ತದೆ. ಸಹಜವಾಗಿ ಹುದುಗಿಸಿದ್ದು ಎಂದು ಬರೆದಿರುವ, ಪದಾರ್ಥಗಳ ಪಟ್ಟಿಯಲ್ಲಿ ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇರುವ ಬಾಟಲಿ ತನ್ನಿ. ಮನೆಯಲ್ಲಿ ಗೋಧಿ ಆಗದವರಿದ್ದರೆ ಇದೂ ಬೇಡ. ಎಷ್ಟೋ ಕಾರ್ಖಾನೆಯ ದ್ವೆನ್‌ಜಾಂಗ್‌ನಲ್ಲೂ ಗೋಧಿ ಇರುತ್ತದೆ, ಲೇಬಲ್ ನೋಡದೆ ಕೊಳ್ಳಬಾರದು.

ಡಬ್ಬಿ ಕೊಳ್ಳುವುದೇ ಬೇಡ ಎಂದರೆ ನಾನು ಹೇಳುವ ದಾರಿ ಇದು. ಅರ್ಧ ಲೋಟ ಸೋಯಾ ಅವರೆ ರಾತ್ರಿ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗಿಡಿ. ಸೋಯಾ ಅವರೆ ಬಹಳ ನೊರೆ ಬರುತ್ತದೆ, ಸಿಪ್ಪೆ ಎದ್ದು ವಿಷಲ್ ಕಟ್ಟಿಕೊಳ್ಳುವುದುಂಟು. ಕುಕ್ಕರಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಒಂದು ಚಮಚ ಎಣ್ಣೆ ಬಿಡಿ. ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಿಹೋಗಬೇಕು, ಅಲ್ಲಿಯವರೆಗೆ ಬೇಯಲಿ. ಅರೆಬೆಂದ ಸೋಯಾ ಹೊಟ್ಟೆಗೆ ಒಳ್ಳೆಯದಲ್ಲ, ಜೀರ್ಣಕ್ಕೆ ಅಡ್ಡ ಬರುವ ಅಂಶಗಳು ಅದರಲ್ಲಿ ಉಳಿದಿರುತ್ತವೆ. ಬೆಂದದ್ದನ್ನು ಮಿಕ್ಸಿಗೆ ಹಾಕದೆ ಒರಟಾಗಿ ಮಸೆದು, ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಕೆದಕುತ್ತಾ ಹುರಿಯಿರಿ. ಮೊದಲು ಹಸಿ ಕಾಳಿನ ವಾಸನೆ ಏಳುತ್ತದೆ, ಅದು ಅಡಗಿ ಹುರಿದ ಶೇಂಗಾದಂಥ ಘಮ ಬಂದು, ಬಾಣಲೆಯ ಅಂಚಿಗೆ ಅಂಟಿದ್ದು ಕಂದು ಬಣ್ಣಕ್ಕೆ ತಿರುಗಿದಾಗ ಇಳಿಸಿ. ಪಾಕವಿಧಾನದಲ್ಲಿ ಎರಡು ದೊಡ್ಡ ಚಮಚ ದ್ವೆನ್‌ಜಾಂಗ್ ಎಂದಿದ್ದರೆ ಈ ಮುದ್ದೆ ಮೂರು ದೊಡ್ಡ ಚಮಚ, ಒಳ್ಳೆಯ ಸೋಯಾ ಸಾಸ್ ನಾಲ್ಕು ಟೀ ಚಮಚ. ಸೋಯಾ ಅವರೆಗೆ ನೀವು ಹೊರದೇಶ ನೋಡಬೇಕಿಲ್ಲ, ಬೀದರ್, ಬೆಳಗಾವಿ, ಧಾರವಾಡದ ಕಡೆ ಮಳೆಗಾಲದ ಬೆಳೆಯಾಗಿ ಎಕರೆಗಟ್ಟಲೆ ಬೆಳೆಯುತ್ತಾರೆ.

ಇದಕ್ಕೆ ನಿಮ್ಮ ಮಲೆನಾಡಿನದೇ ಒಂದು ಪದಾರ್ಥ ಸೇರಿಸಿ: ಹುರುಳಿ ಕಟ್ಟು. ಹುರುಳಿ ಬೇಯಿಸಿ, ಕಾಳು ದನಕ್ಕೆ ಹಾಕಿ, ಬಸಿದ ಕಟ್ಟನ್ನು ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿಸಿ ಕಪ್ಪಗೆ ಗಟ್ಟಿ ಮಾಡಿ ಇಟ್ಟುಕೊಳ್ಳುವುದನ್ನು ನಿಮ್ಮ ಕಡೆಯ ಹಿರಿಯರು ಬಲ್ಲರು. ಹುದುಗು ಇಲ್ಲದೆಯೂ ಕಾಳಿನ ಗಾಢ ರುಚಿ, ಬಣ್ಣ, ಮಂದ ಮೂರೂ ಅದರಲ್ಲಿ ಇಳಿದಿರುತ್ತವೆ. ಪ್ರೋಟೀನ್ ಒಡೆದಿರುವುದಿಲ್ಲ, ಹಾಗಾಗಿ ಉಮಾಮಿಯ ಮಟ್ಟಿಗೆ ದ್ವೆನ್‌ಜಾಂಗ್‌ಗೆ ಸಾಟಿಯಲ್ಲ, ಆದರೆ ಸೋಯಾ ಸಾಸ್ ಜೊತೆ ಒಂದು ಚಮಚ ಬಿದ್ದರೆ ಸಾರಿಗೆ ಬರುವ ತೂಕವೇ ಬೇರೆ. ಇದು ಯಾವ ಕೊರಿಯನ್ ಪುಸ್ತಕದಲ್ಲೂ ಇಲ್ಲ, ನನ್ನ ಶಿಫಾರಸು.

ಪೀನಟ್ ಬಟರ್ ಮತ್ತು ಹುಣಸೆಹಣ್ಣಿನ ಸಲಹೆಯಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಶೇಂಗಾ ಮಂದ ಕೊಡುತ್ತದೆ, ನಿಜ. ಆದರೆ ದ್ವೆನ್‌ಜಾಂಗ್‌ನಲ್ಲಿ ಹುಳಿ ಮುಂದೆ ಬರುವುದಿಲ್ಲ, ಹುಣಸೆ ಬಿದ್ದ ಕೂಡಲೇ ಅದು ನಮ್ಮ ಗೊಜ್ಜಿನ ದಾರಿ ಹಿಡಿಯುತ್ತದೆ. ಗೋಚುಜಾಂಗ್ ಇದೆಯಲ್ಲ ಎಂದೂ ಕೆಲವರು ಕೇಳುತ್ತಾರೆ. ಅದು ಮೆಣಸಿನಪುಡಿ, ಅಂಟಕ್ಕಿ, ಮೊಳಕೆ ಬಾರ್ಲಿ ಸೇರಿದ ಖಾರ ಸಿಹಿ ಪೇಸ್ಟ್. ಸಿಚುವಾನ್ ಪ್ರಾಂತ್ಯದ ಪಿಶಿಯನ್ ಎಂಬಲ್ಲಿನ ದೋಬಾನ್‌ಜಾಂಗ್‌ಗೆ ಹಾಕುವುದು ಸೋಯಾ ಅಲ್ಲ, ಫಾವಾ ಎಂಬ ಅಗಲ ಬೀನ್ಸು ಮತ್ತು ಮೆಣಸಿನಕಾಯಿ. ಎರಡೂ ಇಲ್ಲಿಗೆ ಹೊಂದವು.

ನಮ್ಮ ದೇಶದಲ್ಲೇ ಹುದುಗಿದ ಸೋಯಾ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯ್‌ಜಾರ್, ಮೇಘಾಲಯದ ತುಂಗ್ರಿಂಬಾಯ್, ಮಿಜೋರಾಮಿನ ಬೆಕಾಂಗ್, ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಕಡೆಯ ಕಿನೆಮಾ. ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳವರು ಹೆಚ್ಚಾಗಿರುವ ಬಡಾವಣೆಗಳ ಅಂಗಡಿಗಳಲ್ಲಿ ಅಖುನಿ ಸಿಗುತ್ತದೆ. ಇವು ಉಪ್ಪಿಲ್ಲದ, ಕೆಲವೇ ದಿನಗಳ ಬ್ಯಾಸಿಲಸ್ ಹುದುಗು. ಕೊರಿಯಾದಲ್ಲಿ ಇವಕ್ಕೆ ಸರಿಸಾಟಿ ದ್ವೆನ್‌ಜಾಂಗ್ ಅಲ್ಲ, ಚಂಗುಕ್‌ಜಾಂಗ್ ಎಂಬ ಇನ್ನೊಂದು. ವಾಸನೆ ಬಲು ಜೋರು, ಮೊದಲ ಸಲ ಒಲೆಗಿಟ್ಟಾಗ ಪಕ್ಕದ ಮನೆಯವರೂ ಕೇಳುತ್ತಾರೆ. ಅದನ್ನು ಹೀಗಳೆಯಲು ಹೇಳುತ್ತಿಲ್ಲ, ಹಿಂಗನ್ನು ಮೊದಲ ಸಲ ಮೂಸಿದ ಹೊರನಾಡಿನವರಿಗೂ ಹಾಗೇ ಆಗುತ್ತದೆ. ಅರ್ಧದಷ್ಟೇ ಹಾಕಿ, ಉಪ್ಪು ಬೇರೆ ಹಾಕಿ, ಚೆನ್ನಾಗಿ ಕುದಿಸಿ. ನಾಲ್ಕನೆಯ ಕೆಲಸ, ಆ ಘಾಟು ಪರಿಮಳ, ಇದರಿಂದ ಬರುತ್ತದೆ. ಅವರು ತಲೆಮಾರಿನ ಪಳಗಿದ ಕೈಯಲ್ಲಿ ಮಾಡುವುದನ್ನು ನೀವು ಮನೆಯಲ್ಲಿ ಅನುಕರಿಸುವುದು ಬೇಡ, ಕೊಂಡು ತನ್ನಿ.

ಮೀನಿನ ಪ್ರಶ್ನೆ. ದ್ವೆನ್‌ಜಾಂಗ್‌ನಲ್ಲಿ ಮೂಲತಃ ಮೀನು ಇಲ್ಲ, ಮಿಸೊದಲ್ಲೂ ಇಲ್ಲ. ಮೀನು ಬರುವುದು ಸಾರಿನ ನೀರಿನಿಂದ. ಜಿಗೆಗೆ ಒಣಗಿಸಿದ ಸಣ್ಣ ಮೀನು ಮತ್ತು ಕಡಲಪಾಚಿ ಕುದಿಸಿದ ನೀರು ಹಾಕುವುದು ರೂಢಿ, ಮಿಸೊ ಸೂಪಿಗೆ ಒಣ ಮೀನಿನ ತುರಿ. ಕೆಲವು ಡಬ್ಬಿಗಳಲ್ಲಿ ಈ ಸಾರನ್ನೂ ಸೇರಿಸಿಯೇ ಮಾರುತ್ತಾರೆ, ಮುಖ್ಯವಾಗಿ ದಿಢೀರ್ ಸೂಪ್ ಪ್ಯಾಕೆಟ್ಟುಗಳಲ್ಲಿ ಮತ್ತು ದಾಶಿ (ಜಪಾನಿನವರ ಆ ಸಾರಿನ ನೀರು) ಸೇರಿದ್ದು ಎಂದು ಬರೆದ ಮಿಸೊದಲ್ಲಿ. ಹಸಿರು ಚುಕ್ಕೆ ನೋಡಿ, ಪದಾರ್ಥಗಳ ಪಟ್ಟಿಯನ್ನೂ ಓದಿ. ಮದ್ಯಸಾರವನ್ನು ಕೆಡದಿರಲೆಂದು ಸ್ವಲ್ಪ ಸೇರಿಸುವ ಕಂಪನಿಗಳೂ ಇವೆ, ನಿಮ್ಮ ಮನೆಯಲ್ಲಿ ಅದೂ ಆಗದು ಎಂದಾದರೆ ಆ ಸಾಲನ್ನೂ ನೋಡಿಕೊಳ್ಳಿ. ಮೀನಿಲ್ಲದೆ ರುಚಿಯೇ ಬರದು ಎನ್ನುವವರ ಮಾತು ನಂಬಬೇಡಿ. ಕೊರಿಯಾದ ಬೌದ್ಧ ವಿಹಾರಗಳಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಅಡುಗೆ ನಿಂತಿರುವುದೇ ಈ ಪೇಸ್ಟುಗಳ ಮೇಲೆ.

ಸಸ್ಯಾಹಾರಿ ಸಾರಿನ ನೀರಿಗೆ ಎರಡು ಸಾಕು. ಒಂದು, ಒಣ ಶಿಟಾಕೆ ಅಣಬೆ ಮೂರ್ನಾಲ್ಕು, ತಣ್ಣೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಅದೇ ನೀರಿನಲ್ಲಿ ಕುದಿಸಿದ್ದು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಅಂಶವಿದೆ. ಅದು ಗ್ಲುಟಮೇಟ್ ಜೊತೆ ಸೇರಿದಾಗ ಎರಡರ ಸವಿ ಬರೀ ಕೂಡಿಕೊಳ್ಳುವುದಲ್ಲ, ಹಲವು ಪಟ್ಟು ಹೆಚ್ಚುತ್ತದೆ. ನಮ್ಮ ಮಾರುಕಟ್ಟೆಯ ಬಟನ್ ಅಣಬೆ ಈ ವಿಷಯದಲ್ಲಿ ಬಹಳ ಹಿಂದೆ. ಇನ್ನೊಂದು ನಿಮ್ಮ ಮನೆಯಲ್ಲಿ ದಿನಾ ಚೆಲ್ಲಿಹೋಗುವುದು: ಅಕ್ಕಚ್ಚು. ಕೊರಿಯಾದವರು ಜಿಗೆಗೆ ಅಕ್ಕಿ ತೊಳೆದ ನೀರು ಹಾಕುವುದು ನಿಜವಾಗಿಯೂ ಪದ್ಧತಿ. ಮೊದಲ ತೊಳೆತ ಚೆಲ್ಲಿ, ಎರಡನೆಯದನ್ನು ಹಿಡಿದಿಡಿ. ಸಾರಿಗೆ ತೆಳು ಮಂದ ಬಂದು ಪೇಸ್ಟಿನ ಕಟು ಕಡಿಮೆಯಾಗುತ್ತದೆ. ಎರಡೂವರೆ ಲೋಟ ನೀರಿಗೆ ಆಲೂಗಡ್ಡೆ, ಈರುಳ್ಳಿ, ಅವರ ಜುಕಿನಿ ಬದಲು ಎಳೆ ಸೋರೆಕಾಯಿ, ಹಸಿಮೆಣಸಿನಕಾಯಿ, ಕೊನೆಗೆ ತೋಫು. ತೋಫು ಬದಲು ಪನೀರ್ ಹಾಕಿದರೆ ತಿನ್ನಲು ಅಡ್ಡಿಯಿಲ್ಲ, ಆದರೆ ಅದು ಬೇರೆಯದೇ ಅಡುಗೆ.

ಇನ್ನು ಯಜಮಾನರ ಬಿಪಿ. ದ್ವೆನ್‌ಜಾಂಗ್ ಒಂದು ದೊಡ್ಡ ಚಮಚದಲ್ಲಿ ಸುಮಾರು 2 ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಎರಡು ಚಮಚ ಹಾಕಿದ ಜಿಗೆಯನ್ನು ಮೂವರು ಹಂಚಿಕೊಂಡರೆ ತಲೆಗೆ 1.3 ಗ್ರಾಂ ಆಸುಪಾಸು, ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ ಆ ದಿನ ಬೇಡ ಎಂದರೆ ತೊಂದರೆಯಿಲ್ಲ. ಮಿಸೊ, ಸೋಯಾ ಸಾಸ್ ಯಾವುದಕ್ಕೆ ಬದಲಿಸಿದರೂ ಉಪ್ಪಿನ ಲೆಕ್ಕ ಹೆಚ್ಚೇನೂ ಇಳಿಯದು. ಹುದುಗಿದ್ದು ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತಿನ ಹಿಂದೆ ಈ ಉಪ್ಪು ಅಡಗಿ ಕೂತುಬಿಡುತ್ತದೆ. ಅಂದಹಾಗೆ, ಕುದಿಯುವ ಸಾರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಜೀವಂತ ಉಳಿದು ಹೊಟ್ಟೆ ಸೇರುತ್ತವೆ ಎಂದು ನಂಬಿ ಕುಡಿಯಬೇಡಿ, ಬಹುಪಾಲು ಕುದಿಯಲ್ಲೇ ಸಾಯುತ್ತವೆ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿಗೆ ವೈದ್ಯರನ್ನು ಕೇಳದೆ ಬದಲಾಗಬೇಡಿ. ಕೆಲವು ಬಿಪಿ ಮಾತ್ರೆಗಳು ಮೈಯಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಎರಡೂ ಸೇರಿದರೆ ಹೃದಯಕ್ಕೆ ಅಪಾಯ. ಕಿಡ್ನಿ ತೊಂದರೆ ಇದ್ದವರಿಗಂತೂ ಬೇಡವೇ ಬೇಡ.

ಉಪ್ಪು ಇಳಿಸಲು ನಾನು ಹೇಳುವ ದಾರಿ ಕೇಳಿ ನೀವು ಹುಬ್ಬೇರಿಸಬಹುದು. ಪೇಸ್ಟೋ ಸಾಸೋ ಅರ್ಧಕ್ಕೆ ಇಳಿಸಿ, ಚಿಟಿಕೆ ಅಜಿನೊಮೊಟೊ ಹಾಕಿ. ಅದು ಮಾನೊಸೋಡಿಯಂ ಗ್ಲುಟಮೇಟ್, ದ್ವೆನ್‌ಜಾಂಗ್‌ನಲ್ಲೂ ಟೊಮ್ಯಾಟೊದಲ್ಲೂ ಇರುವ ಅದೇ ಗ್ಲುಟಮೇಟ್. ಅಡುಗೆ ಉಪ್ಪಿನಲ್ಲಿ ಸೋಡಿಯಂ ಶೇ 39, ಇದರಲ್ಲಿ ಶೇ 12. ಇದರ ಮೇಲಿನ ಭಯ ಶುರುವಾದದ್ದು 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ. 1987ರಲ್ಲಿ ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿ ಇದಕ್ಕೆ ದಿನದ ಮಿತಿ ನಿಗದಿ ಮಾಡುವ ಅಗತ್ಯವೇ ಇಲ್ಲ ಎಂದಿತು. ಮನಸ್ಸಿಗೆ ಒಗ್ಗದಿದ್ದರೆ ಬಿಡಿ, ಶಿಟಾಕೆ ಇನ್ನೆರಡು ಜಾಸ್ತಿ ಹಾಕಿ.

ನಿಮ್ಮ ಥೈರಾಯ್ಡ್ ಮಾತ್ರೆಗೆ ಸೋಯಾ ಸ್ವಲ್ಪ ಅಡ್ಡಿ, ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗುವವರಾದರೆ ಸೋಯಾ ಅಡುಗೆಯನ್ನು ಮಧ್ಯಾಹ್ನಕ್ಕೋ ರಾತ್ರಿಗೋ ಇಟ್ಟುಕೊಳ್ಳಿ, ಅಷ್ಟೇ. ನೀವು ಕೇಳಿಲ್ಲ, ಆದರೂ ಬೇರೆ ಓದುಗರಿಗಾಗಿ ಎರಡು ಮಾತು. ಖಿನ್ನತೆಗೆ ಎಂಎಒಐ ವರ್ಗದ ಮಾತ್ರೆ ತೆಗೆದುಕೊಳ್ಳುವವರು, ಲಿನೆಜೊಲಿಡ್ ಎಂಬ ಆ್ಯಂಟಿಬಯೋಟಿಕ್ ನಡೆಯುತ್ತಿರುವವರು ಹಳತಾದ ಸೋಯಾ ಪೇಸ್ಟ್, ಸಾಸ್ ಮುಟ್ಟಬಾರದು. ಅವುಗಳಲ್ಲಿನ ಟೈರಮಿನ್ ಬಿಪಿಯನ್ನು ಒಮ್ಮೆಲೇ ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಜಪಾನಿನ ನಾಟೊ ಎಂಬ ಹುದುಗಿದ ಸೋಯಾ ತಿನ್ನಬಾರದು, ಅದರಲ್ಲಿ ವಿಟಮಿನ್ ಕೆ ಹೇರಳ. ಅದೇ ಬಗೆಯ ಬ್ಯಾಸಿಲಸ್ ಹುದುಗಾದ ಅಖುನಿ, ಕಿನೆಮಾ ವಿಷಯದಲ್ಲೂ ವೈದ್ಯರನ್ನು ಕೇಳಿ. ಸೋಯಾ ಅಲರ್ಜಿ ಇದ್ದವರಿಗೆ ಹುದುಗಿದ್ದರೂ ಅದು ಸೋಯಾವೇ.

ಕೊನೆಗೆ ದುಡ್ಡಿನ ಮಾತು. ಮೊದಲ ಸಲ ಸೋಯಾ ಮುದ್ದೆ, ಸೋಯಾ ಸಾಸ್, ಕಟ್ಟು ಹಾಕಿ ಮಾಡಿಕೊಡಿ. ಆ ಮುದ್ದೆ ಹುದುಗಿದ್ದಲ್ಲ, ಉಪ್ಪು ಹಾಕಿ ಇಟ್ಟದ್ದೂ ಅಲ್ಲ, ಹಾಗಾಗಿ ಫ್ರಿಜ್ಜಿನಲ್ಲಿ ಮೂರು ದಿನಕ್ಕಿಂತ ಇಡಬೇಡಿ, ಉಳಿದದ್ದನ್ನು ಫ್ರೀಜರಿಗೆ ಹಾಕಿ. ಮಗಳ ಆಸೆ ಅಲ್ಲಿಗೇ ತೀರಿದರೆ ಸರಿ. ಮತ್ತೆ ಮತ್ತೆ ಕೇಳಿದಳೋ, ಡಬ್ಬಿ ತರಿಸಿಬಿಡಿ, ಬದಲಿ ಹುಡುಕುವ ಖರ್ಚಿಗಿಂತ ಅದೇ ಅಗ್ಗ. ಅರ್ಧ ಕೆ.ಜಿ. ಡಬ್ಬಿಯಲ್ಲಿ 28, 29 ದೊಡ್ಡ ಚಮಚ ಇರುತ್ತದೆ, ಅಂದರೆ ಹದಿನಾಲ್ಕು ಸಲದ ಜಿಗೆ. ಒಣ ಚಮಚದಲ್ಲಿ ತೆಗೆದು, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಗಾಳಿಯಿಲ್ಲದಂತೆ ಒತ್ತಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಾಳುತ್ತದೆ. ಫ್ರೀಜರಿನಲ್ಲೂ ಇಡಬಹುದು, ಉಪ್ಪಿನ ಕಾರಣಕ್ಕೆ ಕಲ್ಲಾಗುವುದಿಲ್ಲ. ಮೇಲ್ಪದರ ಕಪ್ಪಾದರೆ ಹೆದರಬೇಡಿ. ಒಳಗೆ ಗಟ್ಟಿ ಬಿಳಿ ಕಾಳಿನಂಥದ್ದು ಹಲ್ಲಿಗೆ ಸಿಕ್ಕರೆ ಅದು ಟೈರೊಸಿನ್ ಹರಳು, ಬೂಸ್ಟಲ್ಲ. ನಾರುನಾರಾಗಿ ಹಸಿರೋ ಕಪ್ಪೋ ಗುಲಾಬಿಯೋ ಬಣ್ಣದ ಬೆಳವಣಿಗೆ ಕಂಡರೆ ಮಾತ್ರ ಇಡೀ ಡಬ್ಬಿ ಕಸಕ್ಕೆ. ಉಳಿದ ಪೇಸ್ಟನ್ನು ಹುಳಿ, ಸಾರಿಗೆ ಬೆರೆಸಲು ಹೋಗಬೇಡಿ, ಹುಣಸೆಹಣ್ಣಿಗೂ ಅದಕ್ಕೂ ಆಗಿಬರದು. ಸೀಳಿ ಎಣ್ಣೆಯಲ್ಲಿ ಬಾಡಿಸಿದ ಬದನೆಕಾಯಿಗೆ ಸವರಿ ನೋಡಿ, ಇಲ್ಲವೇ ದಂಟಿನ ಸೊಪ್ಪು ಬೇಯಿಸಿ ಹಿಂಡಿ, ಒಂದು ಟೀ ಚಮಚ ಪೇಸ್ಟ್, ಹುರಿದ ಎಳ್ಳು, ಜಜ್ಜಿದ ಬೆಳ್ಳುಳ್ಳಿ ಹಾಕಿ ಕಲಸಿ. ಅದಕ್ಕೆ ಬೇರೆ ಉಪ್ಪು ಹಾಕಬೇಡಿ.